ಒಂದೇ ಊರು, ಎರಡು ಕಡತ

ಯುರೋಪಿನ ಸೆಂಟಿನೆಲ್-2 ಉಪಗ್ರಹ ಹೊಸಕೋಟೆ ಪೇಟೆಯ ಮೇಲೆ ಹಾದುಹೋಗುವುದು ಬೆಳಗ್ಗೆ ಹತ್ತೂವರೆ–ಹನ್ನೊಂದರ ನಡುವೆ. ನೆಲದಿಂದ 786 ಕಿಲೋಮೀಟರ್ ಎತ್ತರದಲ್ಲಿ, 290 ಕಿಲೋಮೀಟರ್ ಅಗಲದ ಪಟ್ಟಿಯನ್ನು ಒಮ್ಮೆಗೇ ನೋಡುತ್ತ ಉತ್ತರದಿಂದ ದಕ್ಷಿಣಕ್ಕೆ ಸಾಗುವ ಅದಕ್ಕೆ ಆ ಪೇಟೆಯನ್ನು ದಾಟಲು ಒಂದು ಸೆಕೆಂಡ್ ಸಾಕು. ಒಂದೇ ಹಾದಿ, ಒಂದೇ ನೋಟ. ಆದರೆ ಹಾಗೆ ಹಾದುಹೋದ ದಿನದ ಚಿತ್ರ ಬೇಕೆಂದು ಕಂಪ್ಯೂಟರ್ ಮುಂದೆ ಕೂತವರಿಗೆ ಹುಡುಕಾಟದ ಪಟ್ಟಿಯಲ್ಲಿ ಎರಡು ಕಡತ ಸಿಗುತ್ತವೆ. ಎರಡರಲ್ಲೂ ಅದೇ ಹೆದ್ದಾರಿ, ಅದೇ ಗೋದಾಮುಗಳ ಚಾವಣಿ, ಅದೇ ಮೋಡದ ತುಣುಕು.

ತಪ್ಪು ಉಪಗ್ರಹದ್ದಲ್ಲ, ಬೇಕೆಂದೇ ಹಾಗೆ ಮಾಡಿರುವುದು. ಕೆಳಗಿಳಿದ ಉದ್ದನೆಯ ಚಿತ್ರಪಟ್ಟಿಯನ್ನು ಇಡಿಯಾಗಿ ಹಂಚಿದರೆ ಯಾರೂ ಡೌನ್‌ಲೋಡ್ ಮಾಡಿಕೊಳ್ಳಲಾರರು. ಅದಕ್ಕೇ ಅದನ್ನು ಚೌಕ ಚೌಕವಾಗಿ ಕತ್ತರಿಸಿ ಕೊಡುತ್ತಾರೆ. ಈ ಚೌಕಗಳೇ ಟೈಲ್‌ಗಳು. ಕತ್ತರಿಸಲು ಬಳಸುವ ಜಾಲದಲ್ಲಿ ಮನೆಗಳ ಅಳತೆ 100 ಕಿಲೋಮೀಟರ್. ಆದರೆ ಪ್ರತಿ ಟೈಲಿನ ಬದಿ 109.8 ಕಿಲೋಮೀಟರ್, ಅಂದರೆ 10 ಮೀಟರಿನ 10,980 ಪಿಕ್ಸೆಲ್. ಮಂಗಳೂರು ಹೆಂಚಿನ ಮಾಡಿನಲ್ಲಿ ಒಂದರ ಅಂಚು ಇನ್ನೊಂದರ ಮೇಲೆ ಕೂರುವಂತೆ ಇಲ್ಲೂ ಪಕ್ಕಪಕ್ಕದ ಟೈಲ್‌ಗಳು ಸುಮಾರು ಹತ್ತು ಕಿಲೋಮೀಟರಿನಷ್ಟು ಒಂದರ ಮೇಲೊಂದು ಹತ್ತಿಕೊಂಡಿರುತ್ತವೆ. ಬೆಂಗಳೂರು ನಗರ ಇರುವ ಟೈಲಿನ ಹೆಸರು 43ಪಿಜಿಕ್ಯೂ. ಅದರ ಪೂರ್ವದಂಚಿನ ಪಟ್ಟಿಯಲ್ಲಿ ಹೊಸಕೋಟೆ ಬರುತ್ತದೆ. ಪೂರ್ವದ ನೆರೆ ಟೈಲಿನ ಪಡುವಣ ಅಂಚೂ ಅದೇ ಹೊಸಕೋಟೆ.

ಹಾಳೆಗಳು ಹೀಗೆ ಒಂದರ ಮೇಲೊಂದು ಹತ್ತದಿದ್ದರೆ ಏನಾಗುತ್ತದೆಂಬುದು ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆ ಬಳಸಿದವರಿಗೆಲ್ಲ ಗೊತ್ತು. ಅಲ್ಲಿ ಹಾಳೆಗೆ ಹಾಳೆ ಅಂಚಿಗಂಚು ಕೂರುತ್ತದೆ. 13 ಡಿಗ್ರಿ ಅಕ್ಷಾಂಶದ ಗೆರೆ ಬೆಂಗಳೂರನ್ನು ಮಲ್ಲೇಶ್ವರದ ಆಸುಪಾಸಿನಲ್ಲಿ ಸೀಳುವುದರಿಂದ ಊರಿನ ದಕ್ಷಿಣಭಾಗ 57 ಎಚ್/9 ಹಾಳೆಗೂ ಉತ್ತರಭಾಗ 57 ಜಿ/12 ಹಾಳೆಗೂ ಹೋಗಿದೆ. ಮಲ್ಲೇಶ್ವರದ ಬಗ್ಗೆ ಏನೇ ಕೆಲಸ ಮಾಡಬೇಕಾದರೂ ಎರಡು ಹಾಳೆ ತಂದು, ಅಂಚು ಮಡಚಿ, ಅಂಟಿಸಲೇಬೇಕಿತ್ತು. ಯಾವುದೇ ನಕ್ಷೆ ತೆಗೆದರೂ ನಮಗೆ ಬೇಕಾದ ಊರೇ ಅಂಚಿನಲ್ಲಿರುತ್ತದೆಂಬುದು ಭೂವಿಜ್ಞಾನ ವಿಭಾಗಗಳ ಹಳೆಯ ಗೊಣಗಾಟ. ಸೆಂಟಿನೆಲ್ ಜಾಲ ರೂಪಿಸಿದವರು ಆ ಗೊಣಗಾಟ ತಪ್ಪಿಸಿದರು. ಅದಕ್ಕೆ ತೆತ್ತ ಬೆಲೆಯನ್ನು ಯಾರಾದರೂ ಲೆಕ್ಕ ಹಾಕಬಹುದು. 109.8ನ್ನು 109.8ರಿಂದ ಗುಣಿಸಿದರೆ 12,056 ಚದರ ಕಿಲೋಮೀಟರ್. ಜಾಲದ ಮನೆಯ ವಿಸ್ತೀರ್ಣ 10,000. ಅಂದರೆ ಪ್ರತಿ ಟೈಲಿನ ಜತೆಗೂ ಐದನೇ ಒಂದು ಪಾಲಿನಷ್ಟು ಹೆಚ್ಚುವರಿ ನೆಲ ಬರುತ್ತದೆ. ವಾತಾವರಣದ ಮಬ್ಬು ಕಳೆದು ಸಿದ್ಧಗೊಳಿಸಿದ ಒಂದು ಟೈಲು ಸುಮಾರು 800 ಮೆಗಾಬೈಟ್ ತೂಗುವಾಗ ಈ ಐದನೇ ಒಂದು ಪಾಲು ಸಣ್ಣದೇನಲ್ಲ.

ಹೊಸಕೋಟೆ ದಾಟಿ ಕೋಲಾರದ ಕಡೆ ಹೊರಟರೆ ಸಂಗತಿ ಇನ್ನಷ್ಟು ಗೋಜಲಾಗುತ್ತದೆ. ಗುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸಲು ಬಳಸುವ ಯುಟಿಎಂ ಪದ್ಧತಿಯಲ್ಲಿ ಜಗತ್ತನ್ನು 6 ಡಿಗ್ರಿ ಅಗಲದ 60 ವಲಯಗಳಾಗಿ ಸೀಳಲಾಗಿದೆ. 43ನೇ ವಲಯ ಮುಗಿದು 44 ಶುರುವಾಗುವುದು 78 ಡಿಗ್ರಿ ರೇಖಾಂಶದಲ್ಲಿ. ಆ ಗೆರೆ ಹಾಯುವುದು ಮಾಲೂರು ಮತ್ತು ಕೋಲಾರ ಪಟ್ಟಣಗಳ ನಡುವೆ. ಒಂದೇ ಜಿಲ್ಲೆಯೊಳಗೆ ಎರಡು ವಲಯ! ಮುಳಬಾಗಿಲು ಪಟ್ಟಣ ಗೆರೆಯಿಂದ ಆಚೆಗಿದ್ದರೂ 43ನೇ ವಲಯದ ಕೊನೆಯ ಟೈಲು ಗಡಿ ದಾಟಿ ಅದನ್ನು ಒಳಗೊಳ್ಳುತ್ತದೆ. 44ನೇ ವಲಯದ ಮೊದಲ ಟೈಲಿನಲ್ಲೂ ಅದಿದೆ. ಹೊಸಕೋಟೆಯ ಎರಡು ಪ್ರತಿಗಳಲ್ಲಿ ಪಿಕ್ಸೆಲ್ಲಿನ ಮೇಲೆ ಪಿಕ್ಸೆಲ್ ಸರಿಯಾಗಿ ಕೂರುತ್ತದೆ. ಮುಳಬಾಗಿಲಿನ ಎರಡು ಪ್ರತಿಗಳಲ್ಲಿ ಕೂರುವುದಿಲ್ಲ. ಎರಡು ವಲಯಗಳ 'ಉತ್ತರ ದಿಕ್ಕು' ವಿರುದ್ಧ ಬದಿಗೆ ವಾಲಿರುವುದರಿಂದ ಒಂದು ಚಿತ್ರ ಇನ್ನೊಂದಕ್ಕಿಂತ ಈ ಅಕ್ಷಾಂಶದಲ್ಲಿ ಸುಮಾರು 1.4 ಡಿಗ್ರಿಯಷ್ಟು ಓರೆ. ಕಣ್ಣಿಗೆ ಕಾಣದಷ್ಟು ಸಣ್ಣ ಓರೆ, ನಿಜ. ಆದರೆ ಐದು ಕಿಲೋಮೀಟರ್ ಹೋಗುವಷ್ಟರಲ್ಲಿ ನೂರು ಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿದಿರುತ್ತದೆ.

ಇಷ್ಟಾದರೆ ನಷ್ಟವೇನು, ಒಂದನ್ನು ಅಳಿಸಿದರೆ ಮುಗಿಯಿತಲ್ಲ ಎನ್ನಬಹುದು. ಯಾವುದನ್ನು ಅಳಿಸಬೇಕು ಎಂಬಲ್ಲೇ ಎಲ್ಲ ತೊಡಕು ಇರುವುದು. ಜೋಡಿಯಂತೆ ಕಂಡದ್ದೆಲ್ಲ ಒಂದೇ ಬಗೆಯ ಜೋಡಿಯಲ್ಲ. ಒಂದೇ ನೋಟದ ಎರಡು ಪ್ರತಿ ಬೇರೆ, ಒಂದೇ ಜಾಗದ ಎರಡು ನೋಟ ಬೇರೆ, ಒಂದೇ ನೋಟವನ್ನು ಎರಡು ತುಂಡಾಗಿ ಹರಿದು ಕೊಟ್ಟದ್ದು ಇನ್ನೂ ಬೇರೆ.

ಮೊದಲು ಎಣಿಕೆಯ ಕೆಲಸ ನೋಡೋಣ. ಬೆಂಗಳೂರಿನ ಪೂರ್ವಕ್ಕೆ ಹೂವು, ತರಕಾರಿ ಬೆಳೆಯುವ ಪಾಲಿಹೌಸ್‌ಗಳು ಬಹಳ. ಒಂದು ಎಕರೆಯ ಪಾಲಿಹೌಸ್ ಸೆಂಟಿನೆಲ್ ಚಿತ್ರದಲ್ಲಿ ಸುಮಾರು 40 ಪಿಕ್ಸೆಲ್‌ಗಳ ಬೆಳ್ಳನೆಯ ಚೌಕ. ಟೈಲಿಗೊಂದರಂತೆ ಪ್ರೋಗ್ರಾಂ ಓಡಿಸಿ, ಬಂದ ಲೆಕ್ಕಗಳನ್ನು ಕೊನೆಗೆ ಕೂಡಿಸಿದರೆ ಹೊಸಕೋಟೆಯ ಪಟ್ಟಿಯೊಳಗಿನ ಪ್ರತಿಯೊಂದು ಪಾಲಿಹೌಸೂ ಎರಡು ಸಲ ಸೇರುತ್ತದೆ. ಆ ಪಟ್ಟಿಯಲ್ಲಿರುವ ಕೆರೆಗಳ ವಿಸ್ತೀರ್ಣವನ್ನು ಎಕರೆಯಲ್ಲಿ ಕೂಡಿಸಿದರೂ ಅದೇ ಕತೆ. ಇದಕ್ಕೆ ಪಳಗಿದವರು ಬಳಸುವ ಉಪಾಯ ಸರಳ: ಪಾಲಿಹೌಸಿನ ನಡುಬಿಂದು ಯಾವ ಟೈಲಿನ ಸ್ವಂತ 100 ಕಿಲೋಮೀಟರ್ ಮನೆಯೊಳಗಿದೆಯೋ ಆ ಪಾಲಿಹೌಸ್ ಆ ಟೈಲಿನದು, ಗೆರೆಯ ಮೇಲೇ ಬಿದ್ದರೆ ಪೂರ್ವದ ಟೈಲಿನದು ಎಂದು ಮೊದಲೇ ನಿಯಮ ಬರೆದಿಡುವುದು. ವಲಯದ ಗಡಿಯಲ್ಲಾದರೆ 78 ಡಿಗ್ರಿ ಗೆರೆಯೇ ತೀರ್ಪುಗಾರ. ಗಡಿಯ ನಿಯಮ ಬರೆಯದೆ ಬಿಟ್ಟರೆ ಗೆರೆಯ ಮೇಲಿನವು ಎರಡೂ ಕಡೆ ಸೇರುತ್ತವೆ, ಇಲ್ಲವೇ ಎರಡೂ ಕಡೆಯಿಂದ ತಪ್ಪಿಸಿಕೊಳ್ಳುತ್ತವೆ.

ಇನ್ನೊಂದು ದಾರಿಯೂ ಇದೆ. ಎರಡು ಟೈಲ್‌ಗಳಿಂದ ಬಂದ ಚೌಕಗಳನ್ನು ಒಂದರ ಮೇಲೊಂದು ಇಟ್ಟು, ಎರಡಕ್ಕೂ ಸಾಮಾನ್ಯವಾದ ಜಾಗ ಎರಡೂ ಸೇರಿ ಆವರಿಸಿದ ಜಾಗದ ಅರ್ಧಕ್ಕಿಂತ ಹೆಚ್ಚಿದ್ದರೆ ಅವೆರಡೂ ಒಂದೇ ಎಂದು ತೀರ್ಮಾನಿಸುವುದು. ಮುಳಬಾಗಿಲಿನಂಥ ಓರೆ ಜೋಡಿಗೆ ಇದು ಅನುಕೂಲ. ಆದರೆ ಒಂದೇ ಟೈಲಿನೊಳಗೂ ಈ ಅಳತೆ ಹಚ್ಚಿದರೆ, ಗೋಡೆಗೆ ಗೋಡೆ ಹತ್ತಿಸಿ ಕಟ್ಟಿದ ಎರಡು ನಿಜವಾದ ಪಾಲಿಹೌಸ್‌ಗಳು ಮಸುಕು ಚಿತ್ರದಲ್ಲಿ ಒಂದಾಗಿ ಹೋಗುವ ಸಾಧ್ಯತೆ ಇದೆ. ಆದ್ದರಿಂದ ಇದನ್ನು ಅತಿಕ್ರಮಿಸುವ ಪಟ್ಟಿಯೊಳಗೆ, ಬೇರೆ ಬೇರೆ ಟೈಲಿನಿಂದ ಬಂದ ಚೌಕಗಳ ನಡುವೆ ಮಾತ್ರ ಬಳಸುವುದು ಕ್ಷೇಮ.

ಎಣಿಕೆಯಲ್ಲಿ ತಪ್ಪು ಆದರೆ ಎದ್ದು ಕಾಣುತ್ತದೆ. ಸರಾಸರಿಯಲ್ಲಿ ಆಗುವ ತಪ್ಪು ಅಡಗಿ ಕೂರುತ್ತದೆ. ವರ್ಷದುದ್ದಕ್ಕೂ ಒಂದು ಹೊಲದ ಹಸಿರು ಎಷ್ಟಿತ್ತು ಎಂದು ಸರಾಸರಿ ತೆಗೆಯುವಾಗ ಪ್ರತಿ ದಿನದ ಚಿತ್ರವೂ ಎರಡೆರಡು ಸಲ ಬಂದರೆ ಸರಾಸರಿ ಕೆಡುವುದಿಲ್ಲ. ಎಲ್ಲವೂ ಸಮನಾಗಿ ದುಪ್ಪಟ್ಟಾಯಿತು, ಅಷ್ಟೆ. ಹಾಗಾಗಿ ಎಷ್ಟೋ ಮಂದಿ ಇದನ್ನು ತಲೆಗೆ ಹಚ್ಚಿಕೊಳ್ಳುವುದಿಲ್ಲ. ಆದರೆ ಕೆಲಸ ಶುರುವಾಗುವ ಮುನ್ನವೇ ಮೋಡ ಜಾಸ್ತಿ ಇರುವ ಟೈಲ್‌ಗಳನ್ನು ಬಿಡು ಎಂದು ಒಂದು ಸೋಸುಬಟ್ಟೆ ಕಟ್ಟಿರುತ್ತಾರೆ, ಸಾಮಾನ್ಯವಾಗಿ 20 ಪ್ರತಿಶತದ ಮಿತಿ. ಆ ಪ್ರತಿಶತ ಹೊಲದ್ದಲ್ಲ, ಇಡೀ ಟೈಲಿನದು. ಹೊಸಕೋಟೆಯ ನೆತ್ತಿ ಶುಭ್ರವಾಗಿದ್ದ ಒಂದು ದಿನ ಪಶ್ಚಿಮದ ಟೈಲಿನಲ್ಲಿ ಮೋಡ 18, ಪೂರ್ವದ್ದರಲ್ಲಿ 25 ಇದ್ದರೆ ಒಂದು ಪ್ರತಿ ಪಾಸು, ಇನ್ನೊಂದು ನಪಾಸು. ಮತ್ತೊಂದು ದಿನ ಎರಡೂ ಪಾಸು. ಹೀಗೆ ಅದೇ ಹೊಲಕ್ಕೆ ಕೆಲವು ದಿನ ಎರಡು ಮತ, ಕೆಲವು ದಿನ ಒಂದೇ ಮತ. ಎರಡು ಮತ ಸಿಗುವುದು ಸುತ್ತಮುತ್ತ ದೂರದವರೆಗೆ ಆಕಾಶ ಬೋಳಾಗಿರುವ ದಿನಗಳಿಗೆ, ಅಂದರೆ ಬಹುಪಾಲು ಬೇಸಿಗೆಗೆ. ಸರಾಸರಿ ಒಣಗಿದ ಹೊಲದ ಕಡೆ ವಾಲುತ್ತದೆ. ಲೆಕ್ಕ ತಪ್ಪಿದೆ ಎಂದು ಎಲ್ಲೂ ಕೆಂಪು ದೀಪ ಹತ್ತುವುದಿಲ್ಲ.

ಪರಿಹಾರ ಕಷ್ಟದ್ದಲ್ಲ. ಸೋಸುವ ಮುನ್ನವೇ ಒಂದೇ ದಿನದ, ಒಂದೇ ಕಕ್ಷೆಯ ಟೈಲ್‌ಗಳನ್ನು ಹೊಲಿದು ಒಂದು ಚಿತ್ರ ಮಾಡಿಕೊಳ್ಳುವುದು, ಆಮೇಲೆ ಮೋಡವನ್ನು ಟೈಲಿನ ಲೆಕ್ಕದಲ್ಲಿ ಅಲ್ಲದೆ ಪಿಕ್ಸೆಲ್ಲಿನ ಲೆಕ್ಕದಲ್ಲಿ ಕಳೆಯುವುದು. ಹೊಲಿಯುವಾಗಲೂ ಒಂದು ಕಿರಿಕಿರಿ ಎದುರಾಗುತ್ತದೆ. ವಾತಾವರಣದ ಧೂಳು, ತೇವಗಳ ಪ್ರಭಾವ ಕಳೆಯುವ ಸೆನ್‌2ಕೋರ್ ಎಂಬ ತಂತ್ರಾಂಶ ಪ್ರತಿ ಟೈಲಿಗೂ ಬೇರೆಯಾಗಿ ಅಂದಾಜು ಕಟ್ಟುತ್ತದೆ. ಹೀಗಾಗಿ ಸೆನ್ಸರ್ ಒಮ್ಮೆ ಮಾತ್ರ ನೋಡಿದ ಹೊಲಕ್ಕೆ ಎರಡು ಕಡತಗಳಲ್ಲಿ ತುಸು ತುಸು ಬೇರೆ ಅಂಕಿ ಬರಬಹುದು. ಎರಡೂ ಕಡತಗಳನ್ನು ಅಕ್ಷರಕ್ಷರ ಹೋಲಿಸಿ ಪ್ರತಿ ಪತ್ತೆ ಹಚ್ಚುತ್ತೇನೆ ಎಂದು ಹೊರಟ ಪ್ರೋಗ್ರಾಂ ಇಲ್ಲಿ ಕೈಚೆಲ್ಲುತ್ತದೆ.

ಅಕ್ಷರಕ್ಷರ ಹೋಲಿಸುವ ಬದಲು ಹೆಸರು ಓದುವುದು ಲೇಸು. ಸೆಂಟಿನೆಲ್ ಕಡತದ ಉದ್ದನೆಯ ಹೆಸರು ನೋಡಿದರೆ ತಲೆ ಸುತ್ತುತ್ತದೆ, ಆದರೆ ಅದರೊಳಗೆ ಜಾತಕವೇ ಇದೆ: ಯಾವ ಉಪಗ್ರಹ, ಯಾವ ಹಂತದ ಸಂಸ್ಕರಣೆ, ನೋಡಿದ ದಿನ ಮತ್ತು ಹೊತ್ತು, ಸಂಸ್ಕರಣೆಯ ಆವೃತ್ತಿ, 143 ಕಕ್ಷೆಗಳಲ್ಲಿ ಎಷ್ಟನೆಯದು, ಟೈಲ್ ಯಾವುದು, ಕೊನೆಗೆ ಕಡತಗಳನ್ನು ಒಂದರಿಂದೊಂದು ಬೇರ್ಪಡಿಸುವ ಇನ್ನೊಂದು ಸಮಯಮುದ್ರೆ. ನೋಡಿದ ಹೊತ್ತು, ಕಕ್ಷೆ ಒಂದೇ ಆಗಿದ್ದು ಟೈಲ್ ಬೇರೆಯಾದರೆ ಅದು ಹೊಸಕೋಟೆಯ ಜೋಡಿ. ಟೈಲೂ ಒಂದೇ ಆಗಿದ್ದು ಆವೃತ್ತಿ ಬೇರೆಯಾದರೆ ಅದು ಹಳೆ ಅಡುಗೆ, ಹೊಸ ಅಡುಗೆ.

ಈ ಹಳೆ–ಹೊಸ ಆವೃತ್ತಿಯ ಜೋಡಿ ಎಷ್ಟು ಅಪಾಯದ್ದು ಎಂಬುದಕ್ಕೆ 2022ರ ಜನವರಿ 25 ಒಳ್ಳೆಯ ಉದಾಹರಣೆ. ಅಂದಿನಿಂದ ಜಾರಿಗೆ ಬಂದ 04.00 ಆವೃತ್ತಿಯಲ್ಲಿ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಪ್ರತಿ ಪಿಕ್ಸೆಲ್ಲಿನ ಅಂಕಿಗೂ 1000 ಸೇರಿಸಿ ಬರೆಯತೊಡಗಿತು. ತೀರ ಕಪ್ಪಾದ ಜಾಗಗಳಲ್ಲಿ ಲೆಕ್ಕ ಸೊನ್ನೆಗಿಂತ ಕೆಳಗಿಳಿದರೂ ಮಾಹಿತಿ ಉಳಿಯಲಿ ಎಂಬುದು ಉದ್ದೇಶ. ಬಳಸುವವರು ಆ 1000 ಕಳೆದು ಓದಬೇಕು. ಓದದಿದ್ದರೆ? ಬೆಳೆ ತುಂಬಿದ ಹೊಲದಲ್ಲಿ ಕೆಂಪು ಬೆಳಕಿನ ಅಂಕಿ 500, ಕಣ್ಣಿಗೆ ಕಾಣದ ಸಮೀಪ-ಅವಕೆಂಪಿನ ಅಂಕಿ 3000 ಎಂದುಕೊಳ್ಳಿ. ಎರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ಸಿಗುವ ಹಸಿರು ಸೂಚ್ಯಂಕ 0.71. ಎರಡಕ್ಕೂ 1000 ಸೇರಿಸಿ ಅದೇ ಲೆಕ್ಕ ಹಾಕಿದರೆ 0.45. ನಳನಳಿಸುವ ಹೊಲ ಒಂದೇ ದಿನದಲ್ಲಿ ಸೊರಗಿತು! ಅದೂ ಕಾಗದದ ಮೇಲೆ ಮಾತ್ರ. ಮುಂದೆ ಹಳೆಯ ವರ್ಷಗಳ ಚಿತ್ರಗಳನ್ನೂ ಹೊಸ ವಿಧಾನದಲ್ಲಿ ಮರುಸಂಸ್ಕರಿಸಿ 05.00 ಆವೃತ್ತಿಯೆಂದು ಹೊರತಂದರು. ಹಾಗಾಗಿ 2019ರ ಒಂದೇ ಬೆಳಗಿನ ಒಂದೇ ಟೈಲಿಗೆ 1000 ಸೇರಿಸದ ಹಳೆಯ ಪ್ರತಿ, ಸೇರಿಸಿದ ಹೊಸ ಪ್ರತಿ ಎರಡೂ ಯಾರದೋ ಹಾರ್ಡ್‌ಡಿಸ್ಕಿನಲ್ಲಿ ಅಕ್ಕಪಕ್ಕ ಕೂತಿರಬಹುದು. ಇವುಗಳ ಸರಾಸರಿ ತೆಗೆದರೆ ಬರುವುದು ಯಾವ ದಿನದ, ಯಾವ ಹೊಲದ ಅಂಕಿಯೂ ಅಲ್ಲ. ಇಲ್ಲಿ ದಾಕ್ಷಿಣ್ಯ ಬೇಡ: ಹೊಸ ಆವೃತ್ತಿ ಇಟ್ಟುಕೊಂಡು ಹಳೆಯದನ್ನು ಅಳಿಸಬೇಕು. ಗೂಗಲ್ ಅರ್ಥ್ ಎಂಜಿನ್‌ನಲ್ಲಿ ಕೆಲಸ ಮಾಡುವವರಿಗೆ ಈ 1000ವನ್ನು ಕಳೆದು ಸರಿಗಟ್ಟಿದ 'ಹಾರ್ಮೊನೈಸ್ಡ್' ಸಂಗ್ರಹವೇ ಇದೆ.

ಅಳಿಸಲೇಬಾರದ ಜೋಡಿಯೂ ಇದೆ. ಉಪಗ್ರಹ ಕಳಿಸುವ ಉದ್ದನೆಯ ಪಟ್ಟಿ ಕೆಲವೊಮ್ಮೆ ಟೈಲಿನ ನಟ್ಟನಡುವೆ ತುಂಡಾಗುತ್ತದೆ. ಮೇಲಿನ ತುಂಡು ಒಂದು ನೆಲಕೇಂದ್ರಕ್ಕೂ ಕೆಳಗಿನದು ಇನ್ನೊಂದಕ್ಕೂ ಇಳಿದಾಗ ಹೀಗಾಗುವುದುಂಟು. ಆಗ ಒಂದೇ ದಿನ, ಒಂದೇ ಕಕ್ಷೆ, ಒಂದೇ ಟೈಲ್ ಹೆಸರಿನಲ್ಲಿ ಎರಡು ಕಡತ ಬರುತ್ತವೆ. ಒಂದರಲ್ಲಿ ಮೇಲಿನ ಅರ್ಧ ಚಿತ್ರ, ಕೆಳಗೆ ಕಪ್ಪು. ಇನ್ನೊಂದರಲ್ಲಿ ಮೇಲೆ ಕಪ್ಪು, ಕೆಳಗೆ ಚಿತ್ರ. ಹೆಸರಷ್ಟೇ ನೋಡಿ 'ಪ್ರತಿ ಬಂದಿದೆ, ಒಂದನ್ನು ಬಿಸಾಡು' ಎನ್ನುವ ಪ್ರೋಗ್ರಾಂ ಅರ್ಧ ತಾಲ್ಲೂಕನ್ನೇ ಬಿಸಾಡುತ್ತದೆ. ಚಿತ್ರದಲ್ಲಿ ನಿಜಕ್ಕೂ ಎಷ್ಟು ಭಾಗ ತುಂಬಿದೆ ಎಂದು ಒಮ್ಮೆ ಅಳೆದು ನೋಡಿದರೆ ಇದು ತಕ್ಷಣ ಗೊತ್ತಾಗುತ್ತದೆ. ಆಮೇಲೆ ಅಳಿಸುವ ಮಾತಿಲ್ಲ, ಜೋಡಿಸುವುದಷ್ಟೇ.

ಅಮೆರಿಕದ ಲ್ಯಾಂಡ್‌ಸ್ಯಾಟ್ ಸರಣಿಯ ಜಾಲ ಇದಕ್ಕಿಂತ ಹಳೆಯದು, ಕತ್ತರಿಸುವ ರೀತಿಯೂ ಬೇರೆ. ಅಲ್ಲಿ ಉಪಗ್ರಹದ ಹಾದಿಯನ್ನೇ ಹಿಡಿದು 233 ಪಥ, 248 ಸಾಲುಗಳ ಲೆಕ್ಕ. ಬೆಂಗಳೂರು 144ನೇ ಪಥ, 51ನೇ ಸಾಲು. ಒಂದು ಚಿತ್ರದ ಅಗಲ 185 ಕಿಲೋಮೀಟರ್. ಒಂದೇ ಪಥದಲ್ಲಿ ಹಿಂದೆ ಮುಂದಿನ ಸಾಲುಗಳು ಅಂಚಿನಲ್ಲಿ ಅತಿಕ್ರಮಿಸುತ್ತವೆ. ಅದು ಒಂದೇ ನೋಟದ ಎರಡು ಪ್ರತಿ, ಧಾರಾಳವಾಗಿ ಒಂದನ್ನು ಬಿಡಬಹುದು. ಇನ್ನೊಂದು ಜೋಡಿ ಸಮಯದ್ದು: ಚಿತ್ರ ಇಳಿದ ಕೂಡಲೇ 'ರಿಯಲ್ ಟೈಮ್' ಎಂಬ ತಾತ್ಕಾಲಿಕ ಮುದ್ರೆಯೊತ್ತಿ ಒಂದು ಪ್ರತಿ ಹೊರಬರುತ್ತದೆ, ಕಕ್ಷೆಯ, ಉಪಕರಣದ ಪಕ್ಕಾ ಮಾಹಿತಿ ಸಿಕ್ಕ ಮೇಲೆ 'ಟಿಯರ್ 1' ಅಥವಾ 'ಟಿಯರ್ 2' ಎಂಬ ಅಂತಿಮ ಪ್ರತಿ ಬರುತ್ತದೆ. ತಾತ್ಕಾಲಿಕದ್ದನ್ನು ಆಗಲೇ ಇಳಿಸಿಕೊಂಡಿದ್ದವರು ಎರಡನ್ನೂ ಇಟ್ಟುಕೊಂಡು ಕೂರುತ್ತಾರೆ.

ಆದರೆ ಪಕ್ಕಪಕ್ಕದ ಪಥಗಳ ಅತಿಕ್ರಮಣ ಪ್ರತಿಯೇ ಅಲ್ಲ. ಅದು ಬೇರೆ ದಿನ, ಬೇರೆ ಕೋನದಿಂದ ನೋಡಿದ ಎರಡನೇ ನೋಟ. ಸಮಭಾಜಕದಲ್ಲಿ ಲ್ಯಾಂಡ್‌ಸ್ಯಾಟ್‌ನ ಪಥಗಳು ಶೇ 7.3ರಷ್ಟು ಮಾತ್ರ ಒಂದರ ಮೇಲೊಂದು ಬರುತ್ತವೆ, 10 ಡಿಗ್ರಿ ಅಕ್ಷಾಂಶದಲ್ಲಿ ಶೇ 8.7. ಧ್ರುವದ ಕಡೆ ಹೋದಂತೆ ಪಥಗಳೆಲ್ಲ ಒತ್ತೊತ್ತಾಗಿ 80 ಡಿಗ್ರಿಯಲ್ಲಿ ಶೇ 83.9 ಆಗುತ್ತದೆ. ಉತ್ತರ ಧ್ರುವದ ಬಳಿಯ ಹಿಮದ ಬಯಲಿಗೆ ಬೇಕಾದಷ್ಟು ನೋಟ, ಮುಂಗಾರಿನ ಮೋಡದಡಿ ಮುಚ್ಚಿಹೋಗುವ ಆಗುಂಬೆಗೆ ಕೈಬೆರಳೆಣಿಕೆಯ ನೋಟ! ಮಲೆನಾಡಿನ ಮೇಲೆ ಜುಲೈನಲ್ಲಿ ಮೋಡ ಸರಿದ ಒಂದೇ ಒಂದು ಬೆಳಗು ಸಿಕ್ಕರೂ ಅದು ಅಮೂಲ್ಯ. ಅದನ್ನು 'ಅದೇ ಜಾಗದ ಚಿತ್ರ ಆಗಲೇ ಇದೆ' ಎಂದು ಅಳಿಸುವ ಪ್ರೋಗ್ರಾಂ ಬರೆದವರು ಮಲೆನಾಡಿನ ಮಳೆ ನೋಡಿದವರಲ್ಲ. ಈ ನೋಟಗಳಿಗೆ ಒಂದು ಎಚ್ಚರಿಕೆ ಮಾತ್ರ ಬೇಕು. ದೊಡ್ಡ ಪ್ರದೇಶದ ಅರಣ್ಯ ಬದಲಾವಣೆಯ ನಕ್ಷೆಗಳಲ್ಲಿ ಕೆಲವೊಮ್ಮೆ ಉತ್ತರ–ದಕ್ಷಿಣವಾಗಿ ನೀಳ ಪಟ್ಟಿಗಳು ಮೂಡುತ್ತವೆ. ಆ ಪಟ್ಟಿಯೊಳಗೆ ಮರ ಕಡಿಯುವವರು ಹೆಚ್ಚಿದ್ದಾರೆಂದಲ್ಲ, ಅಲ್ಲಿ ನೋಟ ಹೆಚ್ಚು ಸಿಕ್ಕಿದೆ ಎಂದು. ಹೀಗಾಗಿ ಪ್ರತಿ ಪಿಕ್ಸೆಲ್ಲಿಗೂ ಎಷ್ಟು ಶುಭ್ರ ನೋಟ ಸಿಕ್ಕಿತು ಎಂಬ ಎಣಿಕೆಯನ್ನು ನಕ್ಷೆಯ ಜತೆಗೇ ಇಡುವ ರೂಢಿ ಬೆಳೆದಿದೆ.

ಎರಡೆರಡು ಪ್ರತಿಗಳು ಒಂದು ಜಾಗತಿಕ ಪಂದ್ಯವನ್ನೇ ಕೆಡಿಸಿದ ಪ್ರಸಂಗ 2018ರದು. ವಿಮಾನ ತಯಾರಿಸುವ ಏರ್‌ಬಸ್ ಕಂಪನಿ ಕ್ಯಾಗಲ್ ಎಂಬ ವೇದಿಕೆಯಲ್ಲಿ ಒಂದು ಸವಾಲು ಒಡ್ಡಿತು: ಉಪಗ್ರಹ ಚಿತ್ರದಲ್ಲಿ ಹಡಗುಗಳನ್ನು ಕಂಪ್ಯೂಟರಿನಿಂದ ಗುರುತಿಸಿ ತೋರಿಸಿ, ಬಹುಮಾನದ ಮೊತ್ತ 60,000 ಡಾಲರ್. ಕೊಟ್ಟ ಪ್ರತಿ ಚಿತ್ರ 768 ಪಿಕ್ಸೆಲ್ ಉದ್ದ, 768 ಅಗಲ. ಕೆಲವು ಸ್ಪರ್ಧಿಗಳು ಗಮನಿಸಿದಂತೆ ಅವು ಬಿಡಿ ಚಿತ್ರಗಳಾಗಿರಲಿಲ್ಲ. ದೊಡ್ಡ ಚಿತ್ರದಿಂದ ಒಂದಕ್ಕೊಂದು ಹತ್ತಿಕೊಂಡಂತೆ ಕತ್ತರಿಸಿದ ತುಂಡುಗಳು. ಒಂದು ತುಂಡಿನಿಂದ ಪಕ್ಕದ ತುಂಡಿಗೆ ಸರಿದ ದೂರ 256ರ ಮಡಿಯಲ್ಲಿತ್ತು. 768 ಅಂದರೆ ಮೂರು 256. ಪ್ರತಿ ಚಿತ್ರವನ್ನು ಒಂಬತ್ತು ಚೌಕ ಮಾಡಿ, ಪಿಕ್ಸೆಲ್ ಅಂಕಿಗಳಿಂದ ಚೌಕಕ್ಕೊಂದು ಗುರುತಿನ 'ಬೆರಳಚ್ಚು' ತೆಗೆದು, ಹೊಂದುವ ಬೆರಳಚ್ಚುಗಳನ್ನು ಹುಡುಕಿದರೆ ಚೂರುಗಳು ಒಂದಕ್ಕೊಂದು ಸೇರಿ ಹಳೆಯ ದೊಡ್ಡ ಚಿತ್ರ ಮರಳಿ ಎದ್ದು ನಿಲ್ಲುತ್ತಿತ್ತು. ಕಲಿಕೆಗೆಂದು ಕೊಟ್ಟ ಚಿತ್ರದಲ್ಲಿ ಉತ್ತರಸಮೇತ ಇದ್ದ ಹಡಗೇ ಪರೀಕ್ಷೆಯ ಚಿತ್ರದಲ್ಲೂ ನಿಂತಿತ್ತು! ಪ್ರಶ್ನೆಪತ್ರಿಕೆ ಬಯಲಾದಂತೆಯೇ ಆಯಿತು. ಸಂಘಟಕರು ಪರೀಕ್ಷೆಯ ಚಿತ್ರಗಳನ್ನೇ ಬದಲಿಸಿ ಎರಡನೇ ಆವೃತ್ತಿ ಬಿಡಬೇಕಾಯಿತು.

ಬೆರಳಚ್ಚು ತೆಗೆಯುವ ಆ ಕೆಲಸವೂ ಸಲೀಸಾಗಿರಲಿಲ್ಲ. ಚಿತ್ರಗಳು ಜೆಪೆಗ್ ರೂಪದಲ್ಲಿದ್ದವು. ಜೆಪೆಗ್‌ನಲ್ಲಿ ಕುಗ್ಗಿಸುವಾಗ ಅಂಕಿಗಳು ಒಂದೆರಡು ಆಚೀಚೆಯಾಗುವುದು ಸಹಜ, ಒಂದು ಅಂಕಿ ಬದಲಾದರೂ ಕಟ್ಟುನಿಟ್ಟಿನ ಬೆರಳಚ್ಚು ಪೂರ್ತಿ ಬದಲಾಗುತ್ತದೆ. ಅದಕ್ಕೆ ಚೌಕವನ್ನು ಕಿರಿದಾಗಿಸಿ, ಅಕ್ಕಪಕ್ಕದ ಪಿಕ್ಸೆಲ್‌ಗಳಲ್ಲಿ ಯಾವುದು ಹೆಚ್ಚು ಬೆಳ್ಳಗಿದೆ ಎಂದಷ್ಟೇ ಬರೆದಿಡುವ ಸಡಿಲ ಬೆರಳಚ್ಚು ಬೇಕು. ಸಡಿಲ ಮಾಡಿದರೆ ಮತ್ತೊಂದು ಫಜೀತಿ: ಹಡಗೇ ಇಲ್ಲದ ಬರೀ ಕಡಲಿನ ಚೌಕಗಳೆಲ್ಲ ಒಂದೇ ಥರ ಕಂಡು, ಎಲ್ಲೆಲ್ಲಿಯದೋ ನೀರು ಒಂದೇ ನೀರೆಂದು ತೀರ್ಮಾನವಾಗುತ್ತದೆ. ಭೂವಿಳಾಸ ಅಂಟಿಕೊಂಡಿರುವ ಸೆಂಟಿನೆಲ್, ಲ್ಯಾಂಡ್‌ಸ್ಯಾಟ್ ಕಡತಗಳಿಗೆ ಇಂಥ ಪತ್ತೇದಾರಿ ಬೇಡ. ಆದರೆ ವಿಳಾಸ ಕಿತ್ತು, ಚೂರು ಮಾಡಿ, ಎಐ ಕಲಿಕೆಗೆಂದು ಹಂಚುವ ಸಂಗ್ರಹಗಳಿಗೆ ಬೇಕು. ಅಲ್ಲಿ ಚಿತ್ರಗಳನ್ನು ಚೀಟಿ ಎತ್ತಿದಂತೆ ಕಲಿಕೆಗೆ ಇಷ್ಟು, ಪರೀಕ್ಷೆಗೆ ಇಷ್ಟು ಎಂದು ಹಂಚಿದರೆ ಹಡಗಿನ ಕತೆಯೇ ಮರುಕಳಿಸುತ್ತದೆ. ಹಂಚಬೇಕಾದ್ದು ಜಾಗವನ್ನು. ಕಲಿಯಲು ಕೋಲಾರ ಜಿಲ್ಲೆ, ಪರೀಕ್ಷೆಗೆ ಗದಗ ಎಂಬಂತೆ.

ಕತ್ತರಿ ಕೆಲಸ ಇನ್ನೂ ಹೆಚ್ಚಲಿದೆ. ಇಸ್ರೊ ಮತ್ತು ನಾಸಾ ಸೇರಿ ಕಟ್ಟಿದ ನಿಸಾರ್ ರಾಡಾರ್ ಉಪಗ್ರಹ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಜಿಎಸ್‌ಎಲ್‌ವಿ-ಎಫ್16 ರಾಕೆಟ್ಟಿನಲ್ಲಿ ಮೇಲೇರಿತು. ಅದು 12 ದಿನಕ್ಕೊಮ್ಮೆ ಅದೇ ಹಾದಿಗೆ ಮರಳುತ್ತದೆ. ರಾಡಾರಿಗೆ ಮೋಡ, ಕತ್ತಲೆಗಳ ಹಂಗಿಲ್ಲವಾದ್ದರಿಂದ ಉತ್ತರಕ್ಕೆ ಏರುವಾಗಲೂ ದಕ್ಷಿಣಕ್ಕೆ ಇಳಿಯುವಾಗಲೂ ನೆಲ ನೋಡುತ್ತದೆ. ಹಾಗಾಗಿ ಪಶ್ಚಿಮಘಟ್ಟದ ಒಂದೇ ಗುಡ್ಡಕ್ಕೆ ಎರಡು ಬದಿಯಿಂದ ಎರಡು ಚಿತ್ರ ಬರುತ್ತವೆ. ಏರುವ ಹಾದಿಯ ನೋಟದಲ್ಲಿ ರಾಡಾರ್ ನೆರಳಿಗೆ ಬಿದ್ದು ಕಪ್ಪಾದ ಇಳಿಜಾರು ಇಳಿಯುವ ಹಾದಿಯ ನೋಟದಲ್ಲಿ ಕಾಣಬಹುದು. ಕಡತದ ಹೆಸರಿನಲ್ಲಿ ಹಾದಿಯ ದಿಕ್ಕು ಏರು, ಇಳಿ ಎಂದು ನಮೂದಾಗಿರುತ್ತದೆ. ಗುಡ್ಡ ಕುಸಿತದ ಅಧ್ಯಯನಕ್ಕೆ ಇಳಿಯುವವರು ಪ್ರತಿ ಅಳಿಸುವ ಮುನ್ನ ಆ ನಮೂದನ್ನು ಓದಿಕೊಳ್ಳಬೇಕು.